ಉಪ್ಪುಗಾಳಿಗೆ ಗ್ಯಾಸ್ ಪೈಪ್‌ಲೈನ್ ತುಕ್ಕು ಹಿಡಿದು ಸಿಡಿಯುತ್ತದೆಯೇ? ಮಂಗಳೂರಿನ ನೆಲದಡಿ ನಿಜವಾಗಿ ನಡೆಯುವುದೇನು

‘ಕಡಲ ಗಾಳಿಗೆ ಮನೆಯ ಕಿಟಕಿ ಗ್ರಿಲ್ಲೇ ನಿಲ್ಲುವುದಿಲ್ಲ, ಇನ್ನು ನೆಲದಡಿಯ ಗ್ಯಾಸ್ ಪೈಪ್ ಎಷ್ಟು ದಿನ ನಿಂತೀತು? ನಾವೆಲ್ಲ ಬಾಂಬಿನ ಮೇಲೆ ಮಲಗಿದ್ದೇವೆ.’ ಪೈಪ್‌ಲೈನ್ ಹಾದುಹೋದ ಊರುಗಳಲ್ಲಿ ಈ ಧಾಟಿಯ ಮಾತು ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ವಾಟ್ಸಾಪ್‌ನಲ್ಲೂ ಓಡಾಡುತ್ತದೆ. ಜೊತೆಗೆ ಎಲ್ಲೋ ಹೊತ್ತಿ ಉರಿಯುವ ಒಂದು ವಿಡಿಯೊ ಅಂಟಿಸಿದರೆ ಮುಗಿಯಿತು.

ಈ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದು ಬೇಗ ಹರಡುತ್ತದೆ. ಗ್ಯಾಸ್ ಪೈಪ್ ಉಕ್ಕಿನದು, ಉಕ್ಕಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿನಿಂದ ಪೈಪ್ ಸಿಡಿದು ಜನ ಸತ್ತದ್ದೂ ಇದೆ. ಆದರೆ ಆ ಸಾವುಗಳಿಗೆ ಕಾರಣವಾದದ್ದು ಸಮುದ್ರದ ಗಾಳಿಯಲ್ಲ. ತಪ್ಪು ಕಾರಣಕ್ಕೆ ಹೆದರಿದರೆ ಸರಿಯಾದ ಕಾರಣದ ಕಡೆ ಕಣ್ಣು ಹೋಗುವುದೇ ಇಲ್ಲ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾವ ಪೈಪಿನ ಮಾತು ಇದು?

ಕೊಚ್ಚಿಯಿಂದ ಮಂಗಳೂರಿಗೆ ಬರುವ ಗೇಲ್ ಸಂಸ್ಥೆಯ ನೈಸರ್ಗಿಕ ಅನಿಲ ಪೈಪ್‌ಲೈನ್. ಉದ್ದ ಸುಮಾರು 450 ಕಿಲೋಮೀಟರ್. 2021ರ ಜನವರಿ 5ರಂದು ಪ್ರಧಾನಿ ಇದನ್ನು ಉದ್ಘಾಟಿಸಿದರು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಪೈಪ್ ದಾಟಿಸುವ ಕೆಲಸ ಬಹಳ ಸತಾಯಿಸಿ, ಕೊನೆಗೆ 2020ರ ನವೆಂಬರ್‌ನಲ್ಲಿ ಮುಗಿಯಿತು. ಪಣಂಬೂರಿನ ಎಂಸಿಎಫ್ ಗೊಬ್ಬರ ಕಾರ್ಖಾನೆ ಅದಕ್ಕೂ ಮುಂಚೆ ನ್ಯಾಫ್ತಾ ಬಳಸುತ್ತಿತ್ತು, ಈಗ ಗ್ಯಾಸ್ ಬಳಸುತ್ತದೆ. ಮನೆಗಳಿಗೆ, ಸಿಎನ್‌ಜಿ ಬಂಕುಗಳಿಗೆ ಹೋಗುವುದೂ ಇದೇ ಗ್ಯಾಸ್.

ಅಂದಹಾಗೆ, ನೆಲದಡಿಯ ಉದ್ದನೆಯ ಪೈಪ್ ಮಂಗಳೂರಿಗೆ ಹೊಸತೇನಲ್ಲ. ಕುದುರೆಮುಖದ ಅದಿರು ನೀರಿನಲ್ಲಿ ಕಲಸಿ ರಾಡಿಯಾಗಿ ಪಣಂಬೂರಿಗೆ ಇಳಿಯುತ್ತಿದ್ದುದು 67 ಕಿಲೋಮೀಟರ್ ಪೈಪಿನಲ್ಲೇ. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅದು ನಡೆಯಿತು. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಹೋಗುವುದೂ ಪೈಪಿನಲ್ಲೇ.

ಗಾಳಿ ಏನು ಮಾಡುತ್ತದೆ, ಮಣ್ಣು ಏನು ಮಾಡುತ್ತದೆ

ತುಕ್ಕು ಹಿಡಿಯಲು ಕಬ್ಬಿಣದ ಜೊತೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಉಪ್ಪು ಇದ್ದರೆ ಕೆಲಸ ಜೋರಾಗುತ್ತದೆ, ಏಕೆಂದರೆ ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ತುಕ್ಕು ಎನ್ನುವುದು ಮೂಲತಃ ಒಂದು ಸಣ್ಣ ಬ್ಯಾಟರಿಯ ಆಟ. ಕಬ್ಬಿಣದ ಒಂದು ಜಾಗದಿಂದ ಕರೆಂಟ್ ಹೊರಟು ನೀರಿನ ಮೂಲಕ ಇನ್ನೊಂದು ಜಾಗಕ್ಕೆ ಸೇರುತ್ತದೆ. ಹೊರಟ ಜಾಗದಲ್ಲಿ ಲೋಹ ಕರಗುತ್ತದೆ. ಸುರತ್ಕಲ್, ಉಳ್ಳಾಲ, ಪಣಂಬೂರಿನ ಕಡೆ ಗೇಟು, ಶೀಟು, ಬೈಕಿನ ಸೈಲೆನ್ಸರ್ ಬೇಗ ಹಾಳಾಗುವುದು ಹೀಗೆ. ಗಾಳಿಯಲ್ಲಿ ಬಂದ ಉಪ್ಪು ಲೋಹದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ.

ಆದರೆ ಮುಖ್ಯ ಪೈಪ್‌ಲೈನ್ ಇರುವುದು ಒಂದು ಮೀಟರ್ ಅಥವಾ ಅದಕ್ಕೂ ಹೆಚ್ಚು ಮಣ್ಣಿನಡಿ. ಅಲ್ಲಿಗೆ ಕಡಲ ಗಾಳಿ ಬರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮಣ್ಣಿನ ತೇವ, ಆ ತೇವದಲ್ಲಿರುವ ಉಪ್ಪು ಮತ್ತು ಹುಳಿ.

ನಮ್ಮ ಮುರಕಲ್ಲಿನ ಕೆಂಪು ಬಣ್ಣವೇ ಒಂದರ್ಥದಲ್ಲಿ ತುಕ್ಕು. ಮಳೆ, ಬಿಸಿಲಿಗೆ ಸಾವಿರಾರು ವರ್ಷ ತೊಳೆದುಹೋದ ಮೇಲೆ ಉಳಿದ ಕಬ್ಬಿಣದ ಆಕ್ಸೈಡ್ ಅದು. ಬೇಸಿಗೆಯಲ್ಲಿ ಒಣಗಿದ ಮುರಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದಿಲ್ಲ, ಆಗ ತುಕ್ಕೂ ನಿಧಾನ. ಜೂನ್ ಬಂತೆಂದರೆ ಅದೇ ನೆಲ ಬೇರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ನೇತ್ರಾವತಿ, ಫಲ್ಗುಣಿಯ ಅಳಿವೆ ಬದಿಯಲ್ಲಿ, ಉಬ್ಬರದ ನೀರು ಒಳಗೆ ಬರುವ ಗದ್ದೆ, ತೋಡುಗಳ ಪಕ್ಕದಲ್ಲಿ ಉಪ್ಪೂ ಸೇರಿಕೊಳ್ಳುತ್ತದೆ. ಒಂದೇ ಪೈಪ್ ಗುಡ್ಡದಲ್ಲಿ ಒಂದು ಥರದ ಮಣ್ಣು, ಹತ್ತು ಹೆಜ್ಜೆ ಕೆಳಗೆ ಬೈಲಿನಲ್ಲಿ ಇನ್ನೊಂದು ಥರದ ಮಣ್ಣು ಮುಟ್ಟುತ್ತದೆ. ಈ ವ್ಯತ್ಯಾಸವೂ ಬ್ಯಾಟರಿಯಂತೆ ಕೆಲಸ ಮಾಡುತ್ತದೆ.

‘ಹಾಗಾದರೆ ಪೈಪನ್ನು ಇನ್ನೂ ದಪ್ಪ ಮಾಡಿದರಾಯಿತು’ ಎಂದು ಅನ್ನಿಸಬಹುದು. ದಪ್ಪದಿಂದ ಅಷ್ಟು ಉಪಯೋಗವಿಲ್ಲ. ಪೈಪ್ ಕೆಡುವುದು ಹಳೆ ಬಕೆಟ್ಟಿನ ಹಾಗೆ ಎಲ್ಲ ಕಡೆ ಒಟ್ಟಿಗೆ ತೆಳುವಾಗಿ ಅಲ್ಲ, ಹಲ್ಲಿಗೆ ಹುಳುಕು ಹಿಡಿದ ಹಾಗೆ. ಉಳಿದ ಹಲ್ಲೆಲ್ಲ ಗಟ್ಟಿ ಇರುತ್ತದೆ, ಒಂದೇ ಚುಕ್ಕೆ ಒಳಗೊಳಗೆ ಕೊರೆಯುತ್ತದೆ. ಒಳಗೆ ಗ್ಯಾಸಿನ ಒತ್ತಡ ಭಾರಿ ಇರುವುದರಿಂದ ಆ ಒಂದು ಚುಕ್ಕೆಯೇ ಸಾಕು.

ಕೊಡಚಾದ್ರಿಯ ಕಂಬದ ಪ್ರಶ್ನೆ

ಈ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ: ದೆಹಲಿಯ ಕಬ್ಬಿಣದ ಕಂಬ 1600 ವರ್ಷವಾದರೂ ತುಕ್ಕು ಹಿಡಿದಿಲ್ಲ, ನಮ್ಮ ಕೊಡಚಾದ್ರಿಯಲ್ಲೂ ಅಷ್ಟು ಮಳೆಯಲ್ಲಿ ಕಬ್ಬಿಣದ ಕಂಬ ನಿಂತಿದೆ, ಆ ವಿದ್ಯೆಯಲ್ಲೇ ಪೈಪ್ ಮಾಡಬಾರದೇ?

ದೆಹಲಿ ಕಂಬದ ಕಬ್ಬಿಣದಲ್ಲಿ ರಂಜಕ ಹೆಚ್ಚು. ಗಾಳಿಯಲ್ಲಿ ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ ಒಣಗಿ ಅದರ ಮೇಲೆ ತೆಳುವಾದ ಒಂದು ಪೊರೆ ಕೂತಿದೆ, ಆ ಪೊರೆಯೇ ಕಾವಲು. ಮಣ್ಣಿನಲ್ಲಿ ಸದಾ ತೇವ ಇರುವಲ್ಲಿ ಅಂಥ ಪೊರೆ ನಿಲ್ಲುವುದಿಲ್ಲ. ಫಾರ್ವರ್ಡುಗಳು ಹೇಳದ ಸಂಗತಿ ಏನೆಂದರೆ, ದೆಹಲಿ ಕಂಬದ ನೆಲದಡಿಯ ಭಾಗಕ್ಕೆ ತುಕ್ಕು ಹಿಡಿದಿದೆ. ರಂಜಕ ಹೆಚ್ಚಾದ ಕಬ್ಬಿಣ ಪೆಡಸು ಕೂಡ. ಒತ್ತಡದ ಪೈಪಿಗೆ ಅದು ಆಗದು. ಹಳಬರ ಕೆಲಸ ಮೆಚ್ಚತಕ್ಕದ್ದೇ, ಆದರೆ ಅವರು ಮಾಡಿದ್ದು ಕಂಬವನ್ನು.

ಮೊದಲ ಕಾವಲು: ಕೋಟಿಂಗ್

ಪೈಪ್‌ಲೈನಿನ ಉಕ್ಕಿನ ಮೇಲೆ ಕಾರ್ಖಾನೆಯಲ್ಲೇ ಮೂರು ಪದರ ಹಚ್ಚಿರುತ್ತಾರೆ. ಕಾಯಿಸಿ ಅಂಟಿಸಿದ ಎಪಾಕ್ಸಿ, ಅದರ ಮೇಲೆ ಅಂಟು, ಅದರ ಮೇಲೆ ಪಾಲಿಎಥಿಲೀನ್ ಪ್ಲಾಸ್ಟಿಕ್. ಎಲ್ಲ ಸೇರಿ ಕೆಲವೇ ಮಿಲಿಮೀಟರ್. ಪೈಪುಗಳನ್ನು ಬೆಸುಗೆ ಹಾಕಿ ಜೋಡಿಸುವ ಜಾಗ ಮಾತ್ರ ಬರಿದಾಗಿ ಉಳಿಯುತ್ತದೆ, ಅದಕ್ಕೆ ಸ್ಥಳದಲ್ಲೇ ಶಾಖ ಕೊಟ್ಟು ಬಿಗಿಯುವ ಪಟ್ಟಿ ಸುತ್ತುತ್ತಾರೆ. ಕೋಟಿಂಗ್‌ನ ಕಷ್ಟ ಹೆಚ್ಚಾಗಿ ಶುರುವಾಗುವುದು ಇಂಥ ಜೋಡಣೆಯ ಜಾಗದಲ್ಲೇ. ಪೈಪ್ ಗುಂಡಿಗೆ ಇಳಿಸುವ ಮುಂಚೆ ಹೆಚ್ಚು ವೋಲ್ಟಿನ ಬ್ರಷ್ ಆಡಿಸುತ್ತಾರೆ. ಎಲ್ಲಿ ಸೂಜಿಮೊನೆಯಷ್ಟು ತೂತು ಇದೆಯೋ ಅಲ್ಲಿ ಕಿಡಿ ಹಾರುತ್ತದೆ.

ಎಷ್ಟೇ ಎಚ್ಚರ ವಹಿಸಿದರೂ 450 ಕಿಲೋಮೀಟರ್ ಉದ್ದಕ್ಕೆ ಒಂದೂ ಗೀರಿಲ್ಲದ ಕೋಟಿಂಗ್ ಇರುವುದಿಲ್ಲ. ಇಂಜಿನಿಯರುಗಳು ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕುತ್ತಾರೆ. ಎರಡನೇ ಕಾವಲು ಬರುವುದು ಅಲ್ಲಿ.

ಎರಡನೇ ಕಾವಲು: ಪೈಪಿಗೆ ಕರೆಂಟ್

ಮಂಗಳೂರಿನ ದಕ್ಕೆಯಲ್ಲೋ ಮಲ್ಪೆಯಲ್ಲೋ ಉಕ್ಕಿನ ಮೀನುಗಾರಿಕಾ ಬೋಟನ್ನು ದಡಕ್ಕೆ ಎಳೆದು ರಿಪೇರಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋಟಿನ ತಳಕ್ಕೆ, ಪ್ರೊಪೆಲ್ಲರ್ ಹತ್ತಿರ, ಬೂದುಬಣ್ಣದ ಸತುವಿನ ತುಂಡುಗಳನ್ನು ಜೋಡಿಸಿರುತ್ತಾರೆ. ಉಪ್ಪುನೀರಿನಲ್ಲಿ ಉಕ್ಕಿನ ಬದಲು ಸತು ಕರಗುತ್ತದೆ. ತುಂಡು ಸವೆದಾಗ ಹೊಸತು ಹಾಕುತ್ತಾರೆ. ಬೋಟು ಉಳಿಯುತ್ತದೆ.

ಈ ಉಪಾಯಕ್ಕೆ ಇನ್ನೂರು ವರ್ಷ ಆಯಿತು. 1824ರಲ್ಲಿ ಬ್ರಿಟನ್ನಿನ ಹಂಫ್ರಿ ಡೇವಿ ನೌಕಾಪಡೆಯ ಹಡಗುಗಳ ತಾಮ್ರದ ತಗಡು ಉಳಿಸಲು ಹೀಗೆಯೇ ಬೇರೆ ಲೋಹದ ತುಂಡು ಜೋಡಿಸಿದ. ತಾಮ್ರ ಉಳಿಯಿತು. ಆದರೆ ತಾಮ್ರ ಕರಗಿ ನೀರಿಗೆ ಸೇರುತ್ತಿದ್ದುದರಿಂದಲೇ ಚಿಪ್ಪುಹುಳುಗಳು ಹಡಗಿಗೆ ಅಂಟುತ್ತಿರಲಿಲ್ಲ. ಕರಗುವುದು ನಿಂತದ್ದೇ ತಡ, ಹಡಗಿನ ತಳವೆಲ್ಲ ಚಿಪ್ಪಾಗಿ ವೇಗ ಕುಸಿಯಿತು. ನೌಕಾಪಡೆ ಅದನ್ನು ಕೈಬಿಟ್ಟಿತು. ಪಾಪ, ಡೇವಿಯ ವಿಜ್ಞಾನದಲ್ಲಿ ತಪ್ಪೇನೂ ಇರಲಿಲ್ಲ.

ದೊಡ್ಡ ಪೈಪ್‌ಲೈನಿಗೆ ಸತುವಿನ ತುಂಡು ಸಾಲದು. ಅಲ್ಲಲ್ಲಿ ಒಂದು ಯಂತ್ರವಿಟ್ಟು ಲೈನಿನ ಕರೆಂಟನ್ನು ಡಿಸಿ ಮಾಡಿ, ಸ್ವಲ್ಪ ದೂರದಲ್ಲಿ ನೆಲದೊಳಗೆ ಹೂತ ಲೋಹದ ಸರಳುಗಳ ಮೂಲಕ ಮಣ್ಣಿಗೆ ಬಿಡುತ್ತಾರೆ. ಅದು ಮಣ್ಣಿನಲ್ಲಿ ಹರಿದು, ಕೋಟಿಂಗ್ ಕಿತ್ತುಹೋದ ಜಾಗಗಳಲ್ಲಿ ಪೈಪ್ ಸೇರುತ್ತದೆ. ತುಕ್ಕಿನಲ್ಲಿ ಕರೆಂಟ್ ಲೋಹದಿಂದ ಹೊರಡುತ್ತದೆ ಎಂದೆವಲ್ಲ, ಇಲ್ಲಿ ಉಲ್ಟಾ ಮಾಡಿ ಒಳಗೆ ತಳ್ಳುತ್ತಾರೆ. ಇದಕ್ಕೆ ಕಥೋಡಿಕ್ ಪ್ರೊಟೆಕ್ಷನ್ ಎಂದು ಹೆಸರು. ಪೈಪಿಗೂ ಮಣ್ಣಿಗೂ ನಡುವೆ ಕನಿಷ್ಠ ಮೈನಸ್ 0.85 ವೋಲ್ಟ್ ಇರಬೇಕು ಎಂಬುದು ಜಗತ್ತಿನಾದ್ಯಂತ ಪಾಲಿಸುವ ಅಳತೆ. ಟಾರ್ಚಿನ ಒಂದು ಸೆಲ್ 1.5 ವೋಲ್ಟ್ ಎಂದು ನೆನೆದರೆ ಇದು ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ.

ಆದ್ದರಿಂದ ‘ಪೈಪಿಗೆ ಕರೆಂಟ್ ಬಿಟ್ಟಿದ್ದಾರೆ, ಮೇಲೆ ನಡೆದರೆ ದನಕರುಗಳಿಗೆ ಶಾಕ್ ಹೊಡೆಯುತ್ತದೆ’ ಎನ್ನುವುದನ್ನು ನಂಬಬೇಡಿ. ಒಂದು ಎಚ್ಚರಿಕೆ ಮಾತ್ರ ಬೇಕು. ಪೈಪ್‌ಲೈನ್ ಹೈಟೆನ್ಷನ್ ಲೈನಿನ ಜೊತೆ ಬಹಳ ದೂರ ಸಾಗುವಲ್ಲಿ ಪೈಪಿನೊಳಗೆ ಬೇರೆ ವೋಲ್ಟೇಜ್ ಹುಟ್ಟಬಹುದು. ದಾರಿಯುದ್ದಕ್ಕೂ ಕಾಣುವ ಪರೀಕ್ಷಾ ಕಂಬಗಳ ಪೆಟ್ಟಿಗೆ ತೆರೆದು ವೈರ್ ಮುಟ್ಟುವ ಕುತೂಹಲ ಬೇಡ.

ಮಳೆಗಾಲದಲ್ಲಿ ಗುಡುಗು ಸಿಡಿಲಿಗೆ ಕರೆಂಟ್ ಹೋದರೆ? ಕೆಲವು ಗಂಟೆ, ಒಂದೆರಡು ದಿನ ಹೋದರೆ ಏನೂ ಆಗುವುದಿಲ್ಲ. ತುಕ್ಕಿಗೆ ಅಷ್ಟು ಅವಸರವಿಲ್ಲ. ಯಂತ್ರ ಕೆಟ್ಟು ತಿಂಗಳುಗಟ್ಟಲೆ ಯಾರೂ ನೋಡದೆ ಬಿಟ್ಟರೆ ತೊಂದರೆ. ಇನ್ನು, ಹೆಚ್ಚು ಕರೆಂಟ್ ಕೊಟ್ಟರೆ ಹೆಚ್ಚು ಒಳ್ಳೆಯದೂ ಅಲ್ಲ. ಮಿತಿ ಮೀರಿದರೆ ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟಿ ಕೋಟಿಂಗನ್ನೇ ಎಬ್ಬಿಸುತ್ತದೆ. ಅದಕ್ಕಾಗಿ ಆ ಕಂಬಗಳ ಬಳಿ ಆಗಾಗ ಮೀಟರ್ ಹಿಡಿದು ನಿಲ್ಲುವ ಕೆಲಸಗಾರರು ಬೇಕು. ಅವರು ಬರೆದುಕೊಳ್ಳುವ ಒಂದು ಅಂಕಿ ಈ ಇಡೀ ವ್ಯವಸ್ಥೆಯ ನಾಡಿಮಿಡಿತ.

ನಗರಂನಲ್ಲಿ ಏನಾಯಿತು?

ಇಷ್ಟೆಲ್ಲ ಹೊರಗಿನ ಮಾತು. ಜನ ಸತ್ತ ದೊಡ್ಡ ದುರಂತವೊಂದರಲ್ಲಿ ತುಕ್ಕು ಹಿಡಿದದ್ದು ಪೈಪಿನ ಒಳಗಿನಿಂದ.

2014ರ ಜೂನ್ 27ರ ಬೆಳಗಿನ ಜಾವ, ಆಂಧ್ರಪ್ರದೇಶದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿ. ಅಲ್ಲಿ ಹಾದುಹೋಗಿದ್ದ 18 ಇಂಚಿನ ಗ್ಯಾಸ್ ಪೈಪ್ ಸೋರಿ, ಗ್ಯಾಸ್ ಊರಿನ ಮೇಲೆ ಹರಡಿತು. ಟೀ ಅಂಗಡಿಯಲ್ಲಿ ಒಲೆ ಹೊತ್ತಿಸಿದಾಗ ಬೆಂಕಿ ಹಿಡಿಯಿತು ಎಂದು ಆಗ ವರದಿಯಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮನೆ, ತೆಂಗಿನ ಮರ ಎಲ್ಲ ಕರಕಲಾದವು. ಪೈಪ್ ಗೇಲ್‌ನದೇ, ಅಂದರೆ ಮಂಗಳೂರಿಗೆ ಗ್ಯಾಸ್ ತರುವ ಅದೇ ಸಂಸ್ಥೆಯದು. ಇದನ್ನು ಮುಚ್ಚಿಟ್ಟು ‘ಹೆದರಬೇಡಿ’ ಎಂದರೆ ನಮ್ಮ ಮಾತನ್ನು ನೀವು ನಂಬಬೇಕಾಗಿಲ್ಲ.

ಪೆಟ್ರೋಲಿಯಂ ಸಚಿವಾಲಯ ನೇಮಿಸಿದ ಸಮಿತಿ ಕಾರಣ ಹುಡುಕಿತು. ಆ ಪೈಪನ್ನು ಒಣ ಗ್ಯಾಸಿಗೆಂದು ಹಾಕಿದ್ದರು, ಆದರೆ ಅದರಲ್ಲಿ ಹರಿಯುತ್ತಿದ್ದುದು ಬಾವಿಯಿಂದ ಬಂದ ತೇವದ ಗ್ಯಾಸ್. ನೀರಿನಂಶ ತೆಗೆಯುವ ಘಟಕ ಅಲ್ಲಿರಲಿಲ್ಲ.

ನೀರು ಏಕೆ ಇಷ್ಟು ಅಪಾಯ? ನೆಲದೊಳಗಿನ ಬಾವಿಯಿಂದ ಬರುವ ಗ್ಯಾಸಿನಲ್ಲಿ ಮೀಥೇನ್ ಜೊತೆ ಇಂಗಾಲದ ಡೈಆಕ್ಸೈಡ್, ಕೆಲವು ಕಡೆ ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಇವು ಒಣಗಿದ್ದರೆ ಉಕ್ಕಿನ ತಂಟೆಗೆ ಹೋಗುವುದಿಲ್ಲ. ನೀರು ಸಿಕ್ಕಿತೋ, ಇಂಗಾಲದ ಡೈಆಕ್ಸೈಡ್ ಕರಗಿ ಆಮ್ಲವಾಗುತ್ತದೆ. ಗೋಲಿಸೋಡಾದಲ್ಲಿ ನಾಲಗೆಗೆ ಚುರುಕು ಮುಟ್ಟಿಸುವುದು ಇದೇ ಆಮ್ಲ. ಪೈಪಿನೊಳಗೆ ಅಷ್ಟು ಒತ್ತಡದಲ್ಲಿ ಅದು ಇನ್ನೂ ಖಾರ. ಪೈಪ್ ತಗ್ಗಿಗೆ ಇಳಿಯುವ ಕಡೆ ನೀರು ತಳದಲ್ಲಿ ನಿಲ್ಲುತ್ತದೆ, ಅಲ್ಲೇ ಕೊರೆಯುತ್ತದೆ. ಹೊರಗಿನ ಕೋಟಿಂಗ್, ಕರೆಂಟ್ ಎರಡೂ ಒಳಗಿನ ಈ ತುಕ್ಕನ್ನು ತಡೆಯಲಾರವು.

ಅಮೆರಿಕದ ನ್ಯೂ ಮೆಕ್ಸಿಕೊದ ಕಾರ್ಲ್ಸ್‌ಬ್ಯಾಡ್ ಬಳಿ 2000ದ ಆಗಸ್ಟ್ 19ರಂದು ಪೈಪ್‌ಲೈನ್ ಸಿಡಿದು, ಹೊಳೆ ಬದಿಯಲ್ಲಿ ಟೆಂಟ್ ಹಾಕಿದ್ದ 12 ಮಂದಿ ತೀರಿಕೊಂಡರು. ಅಲ್ಲೂ ಕಾರಣ ಒಳಗಿನ ತುಕ್ಕು. ಎರಡೂ ಕಡೆ ಸಮುದ್ರದ ಗಾಳಿಯ ಮಾತೇ ಇಲ್ಲ. ಕಾರ್ಲ್ಸ್‌ಬ್ಯಾಡ್ ಇರುವುದು ಮರುಭೂಮಿಯ ನಡುವೆ.

ಗ್ಯಾಸ್ ತೆಗೆಯುವ ಕೇಂದ್ರಗಳಲ್ಲಿ ಆದ್ದರಿಂದ ಮೊದಲ ಕೆಲಸವೇ ಒಣಗಿಸುವುದು. ಗ್ಲೈಕಾಲ್ ಎಂಬ ದ್ರವದಲ್ಲಿ ಗ್ಯಾಸ್ ಹಾಯಿಸಿದರೆ ಅದು ನೀರನ್ನು ಹೀರುತ್ತದೆ. ಜೊತೆಗೆ ಉಕ್ಕಿನ ಗೋಡೆಗೆ ಎಣ್ಣೆಯಂತೆ ಅಂಟಿ ಆಮ್ಲ ತಡೆಯುವ ರಾಸಾಯನಿಕವನ್ನು ಹನಿಹನಿಯಾಗಿ ಬಿಡುತ್ತಾರೆ.

ಮಂಗಳೂರಿನ ಗ್ಯಾಸ್ ಒಣಗಿದ್ದೇ?

ಇಲ್ಲಿ ನಮ್ಮ ಊರಿಗೆ ಒಂದು ಅನುಕೂಲವಿದೆ. ಮಂಗಳೂರಿಗೆ ಬರುವ ಗ್ಯಾಸ್ ಹತ್ತಿರದ ಬಾವಿಯದಲ್ಲ. ಅದು ಹೊರದೇಶದಿಂದ ಹಡಗಿನಲ್ಲಿ ದ್ರವವಾಗಿ ಕೊಚ್ಚಿಯ ಪುದುವೈಪಿನ ಟರ್ಮಿನಲ್‌ಗೆ ಬಂದಿಳಿದು, ಮತ್ತೆ ಅನಿಲವಾಗಿ ಪೈಪ್ ಸೇರುತ್ತದೆ. ಗ್ಯಾಸನ್ನು ದ್ರವ ಮಾಡಲು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗಾಗಿಸಬೇಕು. ಆ ಚಳಿಯಲ್ಲಿ ನೀರೂ ಇಂಗಾಲದ ಡೈಆಕ್ಸೈಡೂ ಗಟ್ಟಿಯಾಗಿ ಯಂತ್ರದ ನಾಳಗಳನ್ನು ಕಟ್ಟಿಬಿಡುತ್ತವೆ. ಹಾಗಾಗಿ ಎರಡನ್ನೂ ಮೊದಲೇ ತೆಗೆಯಲೇಬೇಕು. ತೆಗೆಯದಿದ್ದರೆ ಗ್ಯಾಸ್ ಹಡಗು ಹತ್ತುವುದೇ ಇಲ್ಲ.

ಹೀಗಾಗಿ ನಗರಂನ ಪೈಪಿಗೆ ಬಂದ ಕಾಯಿಲೆ ಈ ಪೈಪಿಗೆ ಸುಲಭದಲ್ಲಿ ಬಾರದು. ಬರುವುದೇ ಇಲ್ಲ ಎನ್ನಲು ನಾವು ತಯಾರಿಲ್ಲ. ಹೊಸ ಪೈಪನ್ನು ನೀರು ತುಂಬಿ ಪರೀಕ್ಷಿಸುತ್ತಾರೆ, ಆ ನೀರನ್ನು ಪೂರ್ತಿ ಒಣಗಿಸಬೇಕು. ಮುಂದೆ ಬೇರೆ ಮೂಲದ ಗ್ಯಾಸ್, ಉದಾಹರಣೆಗೆ ಹಸಿಕಸ ಮತ್ತು ಸಗಣಿಯಿಂದ ಮಾಡಿದ ಬಯೋಗ್ಯಾಸ್, ಪೈಪ್ ಜಾಲಕ್ಕೆ ಸೇರಿದರೆ ಅದರ ತೇವ, ಸಲ್ಫೈಡ್ ತೆಗೆದಿದ್ದಾರೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಕಣ್ಣಿಗೆ ಕಾಣದ್ದನ್ನು ನೋಡುವುದು

ಮಣ್ಣಿನಡಿಯ ಪೈಪಿನೊಳಗೆ ‘ಪಿಗ್’ ಎಂಬ ಯಂತ್ರ ಬಿಡುತ್ತಾರೆ. ಮೊದಲಿನ ಪಿಗ್‌ಗಳು ಪೈಪಿನಲ್ಲಿ ಹಂದಿಯಂತೆ ಕಿರುಚುತ್ತಿದ್ದುದರಿಂದ ಈ ಹೆಸರು ಬಂತು ಎಂಬ ಕಥೆಯಿದೆ. ಗ್ಯಾಸಿನ ಒತ್ತಡವೇ ಅದನ್ನು ಮುಂದಕ್ಕೆ ತಳ್ಳುತ್ತದೆ. ಸಾಮಾನ್ಯ ಪಿಗ್ ಒಳಗೆ ನಿಂತ ನೀರು, ಕೊಳೆ ಗುಡಿಸುತ್ತದೆ. ಬುದ್ಧಿವಂತ ಪಿಗ್ ಬಲವಾದ ಅಯಸ್ಕಾಂತಗಳಿಂದ ಪೈಪಿನ ಗೋಡೆಯನ್ನು ಅಯಸ್ಕಾಂತವಾಗಿಸುತ್ತಾ ಹೋಗುತ್ತದೆ. ಗೋಡೆ ತೆಳುವಾದ ಕಡೆ ಆ ಕಾಂತಬಲ ಹೊರಗೆ ಸೋರುತ್ತದೆ, ಸೆನ್ಸರುಗಳು ಬರೆದುಕೊಳ್ಳುತ್ತವೆ. ನಮ್ಮ ದೇಶದಲ್ಲೇ ಬಾರ್ಕ್ ಮತ್ತು ಇಂಡಿಯನ್ ಆಯಿಲ್ ಸೇರಿ ಇಂಥ ಪಿಗ್ ತಯಾರಿಸಿವೆ. ಪೈಪಿನ ಇಂತಿಷ್ಟನೇ ಮೀಟರಿನಲ್ಲಿ ಗೋಡೆ ಇಷ್ಟು ಸವೆದಿದೆ ಎಂದು ಗೊತ್ತಾದ ಮೇಲೆ ಅಲ್ಲಿ ಅಗೆದು, ನೋಡಿ, ಪಟ್ಟಿ ಬಿಗಿಯುತ್ತಾರೆ, ಇಲ್ಲವೇ ಆ ತುಂಡನ್ನೇ ಬದಲಿಸುತ್ತಾರೆ.

ಜೆಸಿಬಿಯ ಒಂದು ಗೀರು

ಈಗ ನಮ್ಮ ನಿಮ್ಮ ಪಾಲಿಗೆ ಬರೋಣ. ತೋಡಿನ ಬದಿ ಸರಿಮಾಡಲು ಅಥವಾ ಮನೆಗೆ ದಾರಿ ಮಾಡಲು ಜೆಸಿಬಿ ಬಂತೆನ್ನಿ. ಬಕೆಟ್ಟಿನ ಹಲ್ಲು ಗಟ್ಟಿಯಾದುದಕ್ಕೆ ತಾಗಿತು. ನೋಡಿದರೆ ಕಪ್ಪು ಪ್ಲಾಸ್ಟಿಕ್ ಮೇಲೆ ಒಂದು ಗೀರು. ಗ್ಯಾಸ್ ಸೋರಿಲ್ಲ, ಬೆಂಕಿ ಇಲ್ಲ. ‘ಹೇಳಿದರೆ ಕೇಸ್ ಆಗುತ್ತದೆ’ ಎಂದು ಹೆದರಿ ಮಣ್ಣು ಮುಚ್ಚಿಬಿಡುತ್ತಾರೆ. ಆ ಗೀರಿನೊಳಗೆ ಮಳೆನೀರು ಇಳಿಯುತ್ತದೆ. ಕೋಟಿಂಗ್ ಪೈಪಿನಿಂದ ಎದ್ದು ನಿಂತಿದ್ದರೆ ಅದರ ಮರೆಯಲ್ಲಿ ರಕ್ಷಣೆಯ ಕರೆಂಟ್ ಕೂಡ ತಲುಪದು. ಮುಂದಿನ ಸಲ ಬುದ್ಧಿವಂತ ಪಿಗ್ ಬರುವವರೆಗೆ ಯಾರಿಗೂ ಸುದ್ದಿಯಿಲ್ಲ. ಉಕ್ಕಿನಲ್ಲೇ ತಗ್ಗು ಬಿದ್ದಿದ್ದರಂತೂ ಅಲ್ಲಿ ಬಿರುಕು ಬಿಡುವ ಅಪಾಯವೂ ಇದೆ. ಆವತ್ತೇ ಹೇಳಿದ್ದರೆ ಅದು ಸಣ್ಣ ಕೆಲಸ.

1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಜಾಗದ ಒಡೆತನ ರೈತರದ್ದೇ, ಕಂಪನಿಗೆ ಬಳಕೆಯ ಹಕ್ಕು ಮಾತ್ರ. ಆ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು, ಅಡಿಕೆ ನೆಟ್ಟು ಬದುಕುವವರಿಗೆ ಇದು ಸಣ್ಣ ನಷ್ಟವಲ್ಲ. ಆದರೆ ಬೇರು ಕೋಟಿಂಗ್ ಎಬ್ಬಿಸುತ್ತದೆ, ಮೇಲೆ ಕಟ್ಟಡ ಬಂದರೆ ಅಗೆದು ನೋಡುವುದೂ ಆಗುವುದಿಲ್ಲ. ಗುರುತಿನ ಕಂಬ ಕೀಳುವುದು, ಗದ್ದೆಗೆ ಅಡ್ಡ ಎಂದು ಬಾಗಿಸುವುದು ಬೇಡ. ತುರ್ತು ಫೋನ್ ನಂಬರ್ ಇರುವುದೂ ಅದರ ಮೇಲೆಯೇ.

ಇನ್ನೊಂದು ಗೊತ್ತಿರಲಿ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಮನೆಯ ಗ್ಯಾಸಿನ ಆ ಕೆಟ್ಟ ವಾಸನೆ ನಗರ ಜಾಲಕ್ಕೆ ಬಿಡುವಾಗ ಬೇಕೆಂದೇ ಸೇರಿಸಿದ್ದು. ದೊಡ್ಡ ಪೈಪ್‌ಲೈನ್ ಬಳಿ ಮೂಗನ್ನೇ ನಂಬಬೇಡಿ. ಬುಸ್ಸೆನ್ನುವ ಸದ್ದು, ಗದ್ದೆಯ ನೀರಿನಲ್ಲಿ ಬಿಡದೆ ಏಳುವ ಗುಳ್ಳೆ, ಮಳೆಗಾಲದಲ್ಲೂ ಪೈಪಿನ ಮೇಲೆ ಮಾತ್ರ ಒಣಗಿದ ಹುಲ್ಲು, ತನ್ನಷ್ಟಕ್ಕೆ ಹಾರುವ ಮಣ್ಣು ಕಂಡರೆ ದೂರ ಹೋಗಿ ಅಲ್ಲಿಂದ ಫೋನ್ ಮಾಡಿ. ಹತ್ತಿರ ನಿಂತು ವಿಡಿಯೊ ಮಾಡಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ.

ಉಪ್ಪುಗಾಳಿಯ ಮಾತು ನಿಜವಾಗುವುದು ಇಲ್ಲಿ

ನಗರದ ಬೀದಿಗಳ ಅಡಿಯಲ್ಲಿ ಮನೆಮನೆಗೆ ಬರುವ ಹಳದಿ ಪೈಪ್ ಪ್ಲಾಸ್ಟಿಕ್ಕಿನದು. ಅದಕ್ಕೆ ತುಕ್ಕಿನ ಹಂಗೇ ಇಲ್ಲ, ಅದರ ವೈರಿ ಗುದ್ದಲಿ. ಆದರೆ ನೆಲದಿಂದ ಮೇಲೆದ್ದು ಗೋಡೆ ಹತ್ತಿ ಅಡುಗೆಮನೆಗೆ ಹೋಗುವ ಪೈಪ್ ಸಾಮಾನ್ಯವಾಗಿ ಸತುವಿನ ಲೇಪವಿರುವ ಕಬ್ಬಿಣದ್ದು. ಇದು ಬಯಲಲ್ಲಿದೆ. ಕಡಲ ಗಾಳಿ ನೇರ ಬಡಿಯುವ ಫ್ಲ್ಯಾಟುಗಳಲ್ಲಿ ಸತು ಬೇಗ ಸವೆಯುತ್ತದೆ. ಇಲ್ಲಿ ಒತ್ತಡ ಬಹಳ ಕಡಿಮೆ, ಒಲೆಗೆ ತಲುಪುವಾಗ ಸುಮಾರು 21 ಮಿಲಿಬಾರ್. ಸಿಡಿಯುವ ಭಯವಿಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿ ತುಂಬಿಕೊಳ್ಳುವ ಭಯ ಇದೆ.

ತುಕ್ಕು ಮೊದಲು ಬರುವುದು ಎದುರಿಗೆ ಕಾಣುವ ಕಡೆಯಲ್ಲ. ಗೋಡೆಗೆ ಬಿಗಿದ ಕ್ಲಾಂಪಿನ ಹಿಂದೆ, ಗೋಡೆ ತೂರಿ ಒಳಹೋಗುವ ತೂತಿನಲ್ಲಿ, ನೆಲದಿಂದ ಏಳುವ ಬುಡದಲ್ಲಿ, ಏಸಿ ನೀರು ತೊಟ್ಟಿಕ್ಕುವ ಜಾಗದಲ್ಲಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಟಾರ್ಚ್ ಹಾಕಿ ಈ ನಾಲ್ಕು ಕಡೆ ನೋಡಿ. ಬರೀ ಕಂದು ಕಲೆಯಿದ್ದರೆ ಕಂಪನಿಗೆ ತಿಳಿಸಿ ಬಣ್ಣ ಹೊಡೆಸಿ. ಹೊಪ್ಪಳೆ ಎದ್ದಿದ್ದರೆ ಕೆರೆಯಬೇಡಿ, ಅವರೇ ಬಂದು ನೋಡಲಿ. ಸಂದೇಹವಿದ್ದರೆ ಜೋಡಣೆಗಳ ಮೇಲೆ ಸಾಬೂನಿನ ನೊರೆ ಹಚ್ಚಿ, ಸೋರುತ್ತಿದ್ದರೆ ಗುಳ್ಳೆ ಬರುತ್ತದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ವಿಡಿಯೊಗಳೂ ಓಡಾಡುತ್ತವೆ, ಅವನ್ನು ಯಾರಿಗೂ ಕಳುಹಿಸಬೇಡಿ. ಒಳಗೆ ವಾಸನೆ ಬಂದರೆ ಮೊದಲು ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ ಫೋನ್ ಮಾಡಿ.